ಕೋವಿಗೆ ಯಾವ ಮೇಣ? ಮರಕ್ಕೊಂದು, ಕಬ್ಬಿಣಕ್ಕೊಂದು

ಆಯುಧಪೂಜೆ ಮುಗಿದು ಮೂರನೇ ದಿನ ಅಜ್ಜನ ಕಾಲದ ಜೋಡಿನಳಿಗೆ ಕೋವಿಯನ್ನು ಬೀರುವಿನಿಂದ ತೆಗೆದೆ. ನಳಿಗೆ ಮೇಲಿದ್ದ ಗಂಧದ ಬೊಟ್ಟು ಒಣಗಿತ್ತು. ಉಗುರು ತಾಕಿದ್ದೇ ತಡ, ಉದುರಿತು. ಅದರ ಕೆಳಗೆ ಅಷ್ಟೇ ಅಗಲದ ಕಂದು ಕಲೆ. ಬಟ್ಟೆಯಲ್ಲಿ ಉಜ್ಜಿದೆ. ಬಟ್ಟೆ ಕೆಂಪಾಯಿತು, ಕಲೆ ಹಾಗೇ ಉಳಿಯಿತು.

ಪೂಜೆಗೆ ಮುಂಚೆ ನಾನು ಎಣ್ಣೆ ಹಚ್ಚಿದ್ದೆ. ಎಣ್ಣೆ ಇದ್ದರೆ ಗಂಧ ನಿಲ್ಲುವುದಿಲ್ಲ ಎಂದು ಅಮ್ಮ ಒಣಬಟ್ಟೆಯಲ್ಲಿ ಒರೆಸಿಬಿಟ್ಟಿದ್ದರು. ತಪ್ಪು ಅಮ್ಮನದ್ದಲ್ಲ. ಎಣ್ಣೆಯ ಸ್ವಭಾವವೇ ಅದು. ಕೈ ತಾಕಿದರೆ ಹೋಗುತ್ತದೆ, ನಿಲ್ಲಿಸಿಟ್ಟರೆ ಕೆಳಗಿಳಿಯುತ್ತದೆ, ಧೂಳು ಹಿಡಿಯುತ್ತದೆ. ಅದರ ಜಾಗದಲ್ಲಿ ಮೇಣ ಏಕೆ ಹಚ್ಚಬಾರದು ಎಂದು ನಾನು ಯೋಚನೆ ಮಾಡಿದ್ದು ಆ ಕಲೆಯಿಂದ. ಆಮೇಲೆ ಮೂರು ನಾಲ್ಕು ಬಗೆಯ ಮೇಣ ಹಚ್ಚಿ ನೋಡಿದೆ. ಒಂದೆರಡು ಸಲ ಕೈಸುಟ್ಟುಕೊಂಡೆ. ಇಲ್ಲಿ ಬರೆದಿರುವುದು ಅದರಿಂದ ಕಲಿತಿದ್ದು.

ಮಲೆನಾಡಿನಲ್ಲಿ ಬೆಳೆ ರಕ್ಷಣೆಗೆಂದು ಲೈಸೆನ್ಸ್ ಪಡೆದ ಕೋವಿಗಳು ಬೇಕಾದಷ್ಟಿವೆ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಲೈಸೆನ್ಸ್‌ನಿಂದಲೇ ವಿನಾಯಿತಿ ಇದೆ. ಬ್ರಿಟಿಷರ ಕಾಲದಿಂದ ಬಂದ ಈ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ, ಅಂದರೆ 2029ರವರೆಗೆ ಮುಂದುವರಿಸಿತು. ಹೀಗಾಗಿ ಎರಡೂ ಕಡೆ ಮೂರು ತಲೆಮಾರು ಕಂಡ ಕೋವಿಗಳು ಸಿಗುತ್ತವೆ. ಆದರೆ ಮಡಿಕೇರಿಯಂಥ ಊರಲ್ಲಿ ವರ್ಷಕ್ಕೆ 3,000 ಮಿಲಿಮೀಟರ್‌ಗೂ ಜಾಸ್ತಿ ಮಳೆ. ಗಾಳಿಯ ತೇವ ಶೇ. 60 ದಾಟಿದರೆ ಉಕ್ಕು ತುಕ್ಕು ಹಿಡಿಯುವ ವೇಗ ಏರುತ್ತದೆ. ನಮ್ಮಲ್ಲಿ ಜೂನ್ ಬಂತೆಂದರೆ ಗೋಡೆಗೆ ನೇತುಹಾಕಿದ ಚಪ್ಪಲಿಗೂ ಬೂಷ್ಟು. ಇನ್ನು ಕಬ್ಬಿಣದ ಗತಿ?

ಮೊದಲು ಖಾಲಿ ಮಾಡಿ

ಮೇಣದ ಡಬ್ಬಿಗೆ ಕೈ ಹಾಕುವ ಮುಂಚೆ ಕೋವಿ ಖಾಲಿ ಇದೆಯಾ ನೋಡಿ. ಮಡಚಿ, ಎರಡೂ ನಳಿಗೆಯೊಳಗೆ ಬೆಳಕು ಬಿಟ್ಟು ನೋಡಿ. ಬೆರಳಿಟ್ಟು ಮುಟ್ಟಿ ನೋಡಿ. ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿಯಾದರೆ ಗಜ, ಅಂದರೆ ಮದ್ದು ಒತ್ತುವ ಉದ್ದ ಕೋಲು, ಇಳಿಸಿ ನೋಡಿ. ಹೊರಗಡೆ ಉಳಿಯುವ ಗಜದ ಉದ್ದ ಹೇಳುತ್ತದೆ ಒಳಗೆ ಏನಾದರೂ ಇದೆಯೋ ಇಲ್ಲವೋ. ಹಳೇ ಕೇಪಿನ ಕೋವಿಯಲ್ಲಿ ಅಜ್ಜ ತುಂಬಿಸಿಟ್ಟ ಮದ್ದು ಮೊಮ್ಮಗನ ಕಾಲದವರೆಗೂ ಕೂತಿರಬಹುದು. ಅಂಥದ್ದು ಸಿಕ್ಕರೆ ನೀವೇ ತೆಗೆಯಲು ಹೋಗಬೇಡಿ, ಲೈಸೆನ್ಸ್ ಇರುವ ಕೋವಿ ರಿಪೇರಿಯವರ ಹತ್ತಿರ ಒಯ್ಯಿರಿ. ತೋಟಾಗಳು ಬೇರೆ ಕೋಣೆಯಲ್ಲಿ ಇರಲಿ.

ಜೋಡಿನಳಿಗೆಯಾದರೆ ಮುಂದಿನ ಹಿಡಿ ಬಿಚ್ಚಿ, ನಳಿಗೆ ಬೇರೆ ಮಾಡಿ. ಅಷ್ಟು ಸಾಕು. ಆಕ್ಷನ್‌ನ, ಅಂದರೆ ನಳಿಗೆಯ ಹಿಂದಿನ ಯಂತ್ರಭಾಗದ, ಸ್ಕ್ರೂಗಳನ್ನು ಮಾತ್ರ ಮುಟ್ಟಬೇಡಿ. ಮನೆಯ ಸ್ಕ್ರೂಡ್ರೈವರ್ ಸ್ಕ್ರೂ ತಲೆಯ ಆ ಸಣ್ಣ ಸೀಳಿಗೆ ಸರಿಯಾಗಿ ಕೂರುವುದಿಲ್ಲ. ಸ್ಕ್ರೂ ತಲೆ ಒಮ್ಮೆ ಹಾಳಾದರೆ ಯಾವ ಮೇಣವೂ ಅದನ್ನು ಮುಚ್ಚುವುದಿಲ್ಲ.

ನಿಮ್ಮ ಕೋವಿಯ ಮೈ ಯಾವುದು?

ನಳಿಗೆಯ ನೀಲಿ-ಕಪ್ಪು ಬಣ್ಣ ಪೇಂಟ್ ಅಲ್ಲ. ಉಕ್ಕಿನ ಮೈಯನ್ನೇ ಒಂದು ಹದದಲ್ಲಿ ಆಕ್ಸೈಡ್ ಆಗುವಂತೆ ಮಾಡಿದ್ದು. ಕೆಂಪು ತುಕ್ಕಿನ ದಾಯಾದಿ ಅನ್ನಿ. ಅದು ತುಂಬಾ ತೆಳು, ಸಣ್ಣ ರಂಧ್ರಗಳಿರುವ ಪದರ. ತಾನಾಗಿ ತುಕ್ಕನ್ನು ತಡೆಯುವುದು ಕಡಿಮೆ, ಎಣ್ಣೆಯನ್ನೋ ಮೇಣವನ್ನೋ ಹಿಡಿದಿಟ್ಟುಕೊಳ್ಳುವುದೇ ಅದರ ದೊಡ್ಡ ಉಪಕಾರ. ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಹೊಸೆದು ಮಾಡಿದ ಹಳೇ ಡಮಾಸ್ಕಸ್ ನಳಿಗೆಯಲ್ಲಿ ಹಾವಿನ ಮೈಯಂತೆ ಸುರುಳಿ ಗೆರೆ ಕಾಣುತ್ತದೆ. ಅದರ ಕಂದು ಬಣ್ಣವೂ ಬೇಕಂತಲೇ ಬರಿಸಿದ ತುಕ್ಕೇ. ನೋಡಲು ಚೆಂದ, ಆದರೆ ಈಗಿನ ತೋಟಾ ಹಾಕಿ ಹೊಡೆಯುವ ನಳಿಗೆ ಅಲ್ಲ ಅದು.

ಇದನ್ನೆಲ್ಲ ಹೇಳಲು ಕಾರಣ ಇದೆ. ಪೂಜೆಯ ಹಿತ್ತಾಳೆ ಪಾತ್ರೆಗೆ ಹುಣಸೆಹಣ್ಣು ಹಾಕಿ ತಿಕ್ಕುವ ಅಭ್ಯಾಸ ನಮಗಿದೆ ಅಲ್ವಾ? ಅದನ್ನೇ ಕೋವಿಗೆ ಮಾಡಿದವರನ್ನು ಕಂಡಿದ್ದೇನೆ. ಹುಳಿ ತುಕ್ಕನ್ನು ಮಾತ್ರ ತಿನ್ನುವುದಿಲ್ಲ, ನೀಲಿಯನ್ನೂ ತಿನ್ನುತ್ತದೆ. ನಿಂಬೆ, ವಿನೆಗರ್, ಅಂಗಡಿಯಲ್ಲಿ ಸಿಗುವ ತುಕ್ಕು ತೆಗೆಯುವ ದ್ರಾವಣ, ಎಲ್ಲದರ ಕತೆಯೂ ಅದೇ. ಬಿಳಿ ಉಕ್ಕು ಹೊಳೆಯುತ್ತಾ ಹೊರಬರುತ್ತದೆ. ಮುಂದಿನ ಮಳೆಗೆ ಮೊದಲಿಗಿಂತ ಬೇಗ ತುಕ್ಕು ಹಿಡಿಯುತ್ತದೆ.

ಈಗ ಮರ. ಬಟ್ಟಿನ, ಅಂದರೆ ಹೆಗಲಿಗೆ ಆನಿಸುವ ಮರದ ಭಾಗದ ಮೇಲೆ, ಕಾಣದ ಒಂದು ಮೂಲೆಯಲ್ಲಿ, ಒಂದು ಹನಿ ನೀರಿಟ್ಟು ಐದು ನಿಮಿಷ ಕಾಯಿರಿ. ಹನಿ ಮುತ್ತಿನಂತೆ ಕೂತೇ ಇದ್ದರೆ ಮೇಲಿನ ಪದರ ಗಟ್ಟಿ ಇದೆ ಎಂದರ್ಥ, ಮೇಣ ಹಚ್ಚಬಹುದು. ಹನಿ ಹರಡಿ ಮರ ಕಪ್ಪಾದರೆ ಮರ ಬತ್ತಲಾಗಿದೆ. ಬತ್ತಲೆ ಮರಕ್ಕೆ ಸುಮ್ನೆ ಮೇಣ ಹಚ್ಚಿದರೆ ಪ್ರಯೋಜನ ಕಡಿಮೆ. ತೆಳು ಮೇಣ ನೀರ ಹನಿಯನ್ನು ಜಾರಿಸುತ್ತದೆಯೇ ಹೊರತು ತೇವದ ಗಾಳಿಯನ್ನು ಪೂರ್ತಿ ತಡೆಯುವುದಿಲ್ಲ. ಮೊದಲು ಅಗಸೆ ಎಣ್ಣೆಯನ್ನೋ ಬಟ್ಟಿಗೆಂದೇ ಸಿಗುವ ಒಣಗುವ ಎಣ್ಣೆಯನ್ನೋ ತೆಳುವಾಗಿ ಎರಡು ಮೂರು ಸಲ ತಿಕ್ಕಿ, ಪ್ರತಿ ಸಲವೂ ಪೂರ್ತಿ ಒಣಗಲು ಬಿಟ್ಟು, ಆಮೇಲೆ ಮೇಣಕ್ಕೆ ಬನ್ನಿ.

ಅಗಸೆ ಎಣ್ಣೆಯ ವಿಷಯದಲ್ಲಿ ಒಂದು ಎಚ್ಚರ. ಆ ಎಣ್ಣೆಯ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಒಣಗುವಾಗ ಅದು ತಾನೇ ಬಿಸಿಯಾಗುತ್ತದೆ, ಮುದ್ದೆಯೊಳಗೆ ಬಿಸಿ ಸೇರಿ ಬೆಂಕಿಯೇ ಹತ್ತಿಕೊಳ್ಳಬಹುದು. ಹೊರಗೆ ಹರಡಿ ಒಣಗಿಸಿ, ಇಲ್ಲವೇ ನೀರಲ್ಲಿ ಮುಳುಗಿಸಿಡಿ.

ಮೇಣದ ಆಯ್ಕೆ

ಎಲ್ಲಕ್ಕೂ ಒಂದೇ ಡಬ್ಬಿ ಸಾಕು ಎಂದು ಮಾರುವವರು ಹೇಳುತ್ತಾರೆ. ಅರ್ಧ ನಿಜ.

ನಮ್ಮ ಕೈಗೆ ಮೊದಲು ಸಿಗುವುದು ಜೇನುಮೇಣ. ಕೊಡಗು, ಮಲೆನಾಡಿನಲ್ಲಿ ಇದಕ್ಕೆ ಬರವಿಲ್ಲ. 62ರಿಂದ 64 ಡಿಗ್ರಿಗೆ ಕರಗುತ್ತದೆ. ಮರಕ್ಕೆ ಇದರಷ್ಟು ಒಗ್ಗುವ ಮೇಣ ಇನ್ನೊಂದಿಲ್ಲ. ಕೈಗೆ ಬೆಚ್ಚಗಿನ ಹಿಡಿತ, ಮಿಂಚಿಲ್ಲದ ಹೊಳಪು, ಸವೆದ ಕಡೆ ಮತ್ತೆ ತಿಕ್ಕಿದರೆ ಗುರುತೇ ಕಾಣದಂತೆ ಸೇರಿಕೊಳ್ಳುತ್ತದೆ. ಆದರೆ ಅದರಲ್ಲಿ ಸ್ವಲ್ಪ ಆಮ್ಲ ಇರುತ್ತದೆ, ಹುಟ್ಟಿನಿಂದಲೇ. ವರ್ಷಗಟ್ಟಲೆ ಲೋಹದ ಮೇಲೆ ಕೂತರೆ ಅದು ಲೋಹವನ್ನು ನಿಧಾನಕ್ಕೆ ಕೆಣಕುತ್ತದೆ. ಹಿತ್ತಾಳೆ, ತಾಮ್ರದ ಮೇಲಂತೂ ಹಸಿರು ಬರುವುದು ಕಾಣುತ್ತದೆ. ಬೇಸಿಗೆಯಲ್ಲಿ ಮೆತ್ತಗಾಗಿ ಧೂಳನ್ನೂ ಹಿಡಿಯುತ್ತದೆ. ಹಾಗಾಗಿ ಜೇನುಮೇಣ ಬಟ್ಟಿಗೆ ಸರಿ, ನಳಿಗೆಗೆ ಬೇಡ. ಕೋವಿ ಪೂರ್ತಿ ಜೇನುಮೇಣ ಬಳಿದು ಇಟ್ಟವರು ಇದ್ದಾರೆ, ಗೊತ್ತು. ಅವರ ಕೋವಿ ಹಾಳಾಗಿಲ್ಲ ಎಂದರೆ ಅದು ಅವರು ಪ್ರತಿ ವರ್ಷ ಒರೆಸಿ ಹೊಸದು ಹಚ್ಚಿದ್ದರ ಪುಣ್ಯ.

ಕಾರ್ನೌಬಾ ಬ್ರೆಜಿಲ್‌ನ ಒಂದು ತಾಳೆಮರದ ಎಲೆಯಿಂದ ಬರುವ ಮೇಣ. ಕರಗಲು 82ರಿಂದ 86 ಡಿಗ್ರಿ ಬೇಕು. ಗಟ್ಟಿ, ಹೊಳಪು ಜಾಸ್ತಿ. ಒಂಟಿಯಾಗಿ ಹಚ್ಚಲು ಕಷ್ಟ, ಬೇಗ ಬಿರಿಯುವ ಸ್ವಭಾವ. ಜೇನುಮೇಣದ ಜೊತೆ ನಾಲ್ಕಕ್ಕೆ ಒಂದು ಪಾಲು ಸೇರಿಸಿದರೆ ಬಟ್ಟಿಗೆ ಒಳ್ಳೆಯ ಗಟ್ಟಿ ಮೈ ಬರುತ್ತದೆ. ಮೇಣದಬತ್ತಿಯ ಪ್ಯಾರಾಫಿನ್ ಅಗ್ಗ, ಆದರೆ ಉಕ್ಕಿಗೆ ಸರಿಯಾಗಿ ಅಂಟುವುದಿಲ್ಲ. ಉಗುರು ಎಳೆದರೆ ಏಳುತ್ತದೆ. ಬಿಟ್ಟುಬಿಡಿ.

ಲೋಹಕ್ಕೆ ಮೈಕ್ರೋಕ್ರಿಸ್ಟಲೈನ್ ಮೇಣ ನೋಡಿ. ಇದೂ ಪ್ಯಾರಾಫಿನ್‌ನಂತೆ ಪೆಟ್ರೋಲಿಯಂನಿಂದಲೇ ಬಂದದ್ದು. ಹರಳುಗಳು ಮಾತ್ರ ತುಂಬಾ ಸಣ್ಣ. ಅದರಿಂದ ಬಿರಿಯದೆ ಬಾಗುತ್ತದೆ, ನಯವಾದ ಉಕ್ಕಿಗೂ ಅಂಟಿ ಕೂರುತ್ತದೆ. ಆಮ್ಲ ಇಲ್ಲ. ರೆನೆಸಾನ್ಸ್ ವ್ಯಾಕ್ಸ್ ಎಂಬ ಹೆಸರು ಕೇಳಿರಬಹುದು. 1950ರ ದಶಕದಲ್ಲಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ವಸ್ತುಗಳನ್ನು ಕಾಪಾಡಲೆಂದೇ ಇದನ್ನು ಹದ ಮಾಡಿದರು. ಅಲ್ಲಿಯವರೆಗೆ ಮ್ಯೂಸಿಯಂಗಳಲ್ಲೂ ಜೇನುಮೇಣ, ಕಾರ್ನೌಬಾ ಮಿಶ್ರಣವೇ ಬಳಕೆಯಲ್ಲಿತ್ತು. ಅವುಗಳ ಆಮ್ಲದ ತಾಪತ್ರಯ ಬೇಡ ಎಂದೇ ಮೈಕ್ರೋಕ್ರಿಸ್ಟಲೈನ್‌ಗೆ ಪಾಲಿಥಿನ್ ಮೇಣ ಸೇರಿಸಿ ವೈಟ್ ಸ್ಪಿರಿಟ್ ಎಂಬ ಪೆಟ್ರೋಲಿಯಂ ದ್ರಾವಕದಲ್ಲಿ ಕಲಸಿದರು. ಮರ, ಲೋಹ, ಚರ್ಮ ಮೂರಕ್ಕೂ ನಡೆಯುತ್ತದೆ. ನಮ್ಮಲ್ಲಿ ದುಬಾರಿ, ಆದರೆ 65 ಮಿಲಿಲೀಟರ್‌ನ ಚಿಕ್ಕ ಡಬ್ಬಿ ಒಂದು ಕೋವಿಗೆ ವರ್ಷಗಟ್ಟಲೆ ಬರುತ್ತದೆ. ಅದೇ ಹೆಸರಿನದೇ ಆಗಬೇಕೆಂದಿಲ್ಲ. ಡಬ್ಬಿ ಮೇಲೆ ಮೈಕ್ರೋಕ್ರಿಸ್ಟಲೈನ್ ಎಂದಿದೆಯಾ, ಉಜ್ಜುವ ಪುಡಿ ಇಲ್ಲ ತಾನೇ, ಸಿಲಿಕೋನ್ ಇಲ್ಲ ತಾನೇ, ಇಷ್ಟು ನೋಡಿ.

ಈ ಉಜ್ಜುವ ಪುಡಿಯ ಪಾಠ ನಾನು ಕಲಿತದ್ದು ಕಾರಿನ ಪಾಲಿಶ್‌ನಿಂದ. ಮನೆಯಲ್ಲಿ ಒಂದು ಡಬ್ಬಿ ಇತ್ತು, ವ್ಯಾಕ್ಸ್ ಎಂದೇ ಬರೆದಿತ್ತು. ನಳಿಗೆಯ ತುದಿಯಿಂದ ಶುರು ಮಾಡಿದೆ. ನಾಲ್ಕು ಸಲ ತಿಕ್ಕುವಷ್ಟರಲ್ಲಿ ಬಟ್ಟೆ ನೀಲಿಯಾಯಿತು. ಏನು ಹೊಳಪು ಬರುತ್ತಿದೆ ಎಂದು ಖುಷಿಪಟ್ಟೆ! ಬೆಳಕಿಗೆ ಹಿಡಿದಾಗ ಗೊತ್ತಾಯಿತು, ಬರುತ್ತಿದ್ದದ್ದು ಹೊಳಪಲ್ಲ, ಹೋಗುತ್ತಿದ್ದದ್ದು ಬಣ್ಣ. ಕಾರಿನ ಹಳೇ ಪೇಂಟ್ ಪದರ ಕೆರೆಯುವ ಪುಡಿ ಅದರಲ್ಲಿತ್ತು. ಮಧ್ಯದ ಬೆರಳಿನಷ್ಟು ಉದ್ದದ ಆ ಬಿಳಿ ಗುರುತು ಈಗಲೂ ಇದೆ. ಸಿಲಿಕೋನ್ ಇರುವ ಪಾಲಿಶ್ ಮರಕ್ಕೆ ಬೇಡ ಎನ್ನಲು ಬೇರೆ ಕಾರಣ. ಅದು ಮರದ ಗೆರೆಯೊಳಗೆ ಇಳಿದು ಕೂತರೆ ಮುಂದೆಂದೋ ಹೊಸ ಪಾಲಿಶ್ ಮಾಡಿಸುವಾಗ ಪಾಲಿಶ್ ಮೈಗೆ ಹತ್ತದೆ ಮೀನಿನ ಕಣ್ಣಿನಂತೆ ಗುಳಿ ಬೀಳುತ್ತದೆ.

ತೆಂಗಿನೆಣ್ಣೆಯ ಬಗ್ಗೆ ಕೇಳುವವರೂ ಇದ್ದಾರೆ. ಅದು ಒಣಗುವ ಎಣ್ಣೆಯಲ್ಲ. ಕೆಲವು ತಿಂಗಳಿಗೆ ಕಮಟು ವಾಸನೆ, ಜಿಗುಟು. ತಲೆಗೆ ಹಚ್ಚಿಕೊಳ್ಳಿ. ಡಬ್ಲ್ಯುಡಿ-40 ಕೂಡ ಕಾಯುವ ಪದರ ಅಲ್ಲ. ಆ ಹೆಸರಿನ ಅರ್ಥವೇ ನೀರು ಸರಿಸುವ ದ್ರಾವಣದ ನಲವತ್ತನೇ ಪ್ರಯತ್ನ ಎಂದು. ಮಳೆಯಲ್ಲಿ ನೆನೆದು ಬಂದ ದಿನ ನೀರು ಓಡಿಸಲು ಅದು ಒಳ್ಳೆಯದು, ಅದರ ಮೇಲೆ ಮಳೆಗಾಲ ಕಳೆಯಲು ಆಗುವುದಿಲ್ಲ.

ನನ್ನ ತೀರ್ಮಾನ ಕೇಳಿದರೆ: ಹೊರಗಿನ ಲೋಹಕ್ಕೆಲ್ಲ ಮೈಕ್ರೋಕ್ರಿಸ್ಟಲೈನ್. ಬಟ್ಟಿಗೆ ಜೇನುಮೇಣದ ಮಿಶ್ರಣ, ಅಥವಾ ಕೆಲಸ ಕಡಿಮೆ ಇರಲಿ ಎಂದರೆ ಅದಕ್ಕೂ ಮೈಕ್ರೋಕ್ರಿಸ್ಟಲೈನೇ. ನಳಿಗೆಯ ಒಳಗೆ, ತೋಟಾ ಕೂರುವ ಗೂಡಿಗೆ, ಟ್ರಿಗರ್, ಕುದುರೆ (ಟ್ರಿಗರ್ ಎಳೆದಾಗ ಬಡಿಯುವ ಸುತ್ತಿಗೆ), ಸ್ಪ್ರಿಂಗ್, ಪಿನ್‌ಗೆ ಯಾವ ಮೇಣವೂ ಬೇಡ. ಅಲ್ಲಿ ಕೋವಿ ಎಣ್ಣೆ ಮಾತ್ರ. ಓಡಾಡುವ ಭಾಗದಲ್ಲಿ ಮೇಣ ಗಟ್ಟಿಯಾದರೆ ಅದು ಕೊಳೆಯ ಜೊತೆ ಸೇರಿ ಗೋಂದಾಗುತ್ತದೆ.

ಮನೆಯಲ್ಲೇ ಬಟ್ಟಿನ ಮೇಣ ಮಾಡುವವರಿಗೆ: ನೂರು ಗ್ರಾಂ ಶೋಧಿಸಿದ ಜೇನುಮೇಣಕ್ಕೆ ಇನ್ನೂರು ಗ್ರಾಂ ಟರ್ಪೆಂಟೈನ್. ಮೇಣವನ್ನು ನೇರ ಬೆಂಕಿಯಲ್ಲಿ ಕರಗಿಸಬೇಡಿ, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ. ಕರಗಿದ ಮೇಲೆ ಪಾತ್ರೆಯನ್ನು ಅಂಗಳಕ್ಕೆ ತನ್ನಿ, ಒಲೆಯಿಂದ ದೂರ. ಅಲ್ಲಿ ಟರ್ಪೆಂಟೈನ್ ಸುರಿದು ಕಲಕಿ. ಅದರ ಆವಿಗೆ ಕಿಡಿ ತಗುಲಿದರೆ ಸಾಕು, ಹೊತ್ತಿಕೊಳ್ಳುತ್ತದೆ. ಆರಿದ ಮೇಲೆ ಬೆಣ್ಣೆಯ ಹದಕ್ಕೆ ಬರುತ್ತದೆ. ಗಟ್ಟಿ ಎನಿಸಿದರೆ ಮತ್ತೆ ಬಿಸಿನೀರಲ್ಲಿಟ್ಟು ಕರಗಿಸಿ, ಹಾಗೇ ಹೊರಗೆ ತಂದು ಸ್ವಲ್ಪ ಟರ್ಪೆಂಟೈನ್ ಸೇರಿಸಿ. ಪೇಂಟ್ ಅಂಗಡಿಯಲ್ಲಿ ಟರ್ಪೆಂಟೈನ್ ಎಂದೇ ಕೇಳಿ ತನ್ನಿ. ಎನ್‌ಸಿ ಥಿನ್ನರ್ ಕೊಟ್ಟರೆ ಬೇಡ ಎನ್ನಿ, ಅದು ಬಟ್ಟಿನ ಪಾಲಿಶನ್ನೇ ಎಬ್ಬಿಸುತ್ತದೆ.

ತುಕ್ಕು ಇದ್ದರೆ ಮೊದಲು ಅದು

ಮೇಣ ತುಕ್ಕನ್ನು ತೆಗೆಯುವುದಿಲ್ಲ, ಮುಚ್ಚುತ್ತದೆ. ಮುಚ್ಚಿದ ತುಕ್ಕು ತೇವ ಹಿಡಿದುಕೊಂಡು ಒಳಗೊಳಗೇ ಬೆಳೆಯುತ್ತದೆ.

ಹೊಸ ಕೆಂಪು ತುಕ್ಕಾದರೆ ಎಣ್ಣೆ ಹಚ್ಚಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಒರಟು ಬಟ್ಟೆಯಲ್ಲಿ ತಿಕ್ಕಿ. ಅರ್ಧ ಹೋಗಿರುತ್ತದೆ. ಉಳಿದಿದ್ದಕ್ಕೆ ಹಳೇ ತಾಮ್ರದ ಕಾಸು ಹುಡುಕಿ. ಎಣ್ಣೆಯ ಮೇಲೆ ಕಾಸಿನ ಅಂಚನ್ನು ಮೆಲ್ಲಗೆ ಆಡಿಸಿ. ತಾಮ್ರ ಉಕ್ಕಿಗಿಂತ ಮೆದು, ತುಕ್ಕನ್ನು ಕೆರೆಯುತ್ತದೆ, ಉಕ್ಕನ್ನು ಗೀರುವುದಿಲ್ಲ. ಕಾಸು ಅಯಸ್ಕಾಂತಕ್ಕೆ ಅಂಟಿದರೆ ಅದು ತಾಮ್ರ ಅಲ್ಲ, ಈಗಿನ ಚಿಲ್ಲರೆ ಹೆಚ್ಚುಪಾಲು ಉಕ್ಕೇ. ಆಮೇಲೂ ಉಳಿದರೆ ನಾಲ್ಕು ಸೊನ್ನೆಯ (0000) ನಂಬರಿನ, ತೀರಾ ನಯವಾದ ಉಕ್ಕಿನ ಉಣ್ಣೆ, ಎಣ್ಣೆ ಹಾಕಿ, ಬೆರಳ ತುದಿಯ ಒತ್ತಡದಲ್ಲಿ. ಪಾತ್ರೆ ತಿಕ್ಕುವ ಸ್ಟೀಲ್ ನಾರು ಖಂಡಿತ ಬೇಡ. ಗಂಧದ ಆ ಕಲೆಗೆ ನಾನು ಎರಡು ಸಂಜೆ ಕಾಸು ಆಡಿಸಿದೆ. ಕೆಂಪು ಹೋಗಿ ಕಪ್ಪು ನೆರಳೊಂದು ಉಳಿಯಿತು. ಅಲ್ಲಿಗೆ ನಿಲ್ಲಿಸಿದೆ. ಕಪ್ಪು ಉಳಿದರೆ ಉಳಿಯಲಿ, ಅದು ಬೆಳೆಯುವುದಿಲ್ಲ.

ಹಚ್ಚುವ ಕೆಲಸ

ಮಳೆ ಬಿಟ್ಟ, ಗಾಳಿ ಒಣಗಿದ ದಿನ ಆರಿಸಿ. ಮೇ ತಿಂಗಳ ಕೊನೆ ಒಂದು, ಮಳೆಗಾಲದ ಮಧ್ಯೆ ಬಿಸಿಲು ಬಿದ್ದ ದಿನ ಇನ್ನೊಂದು. ಕೈ ಸೋಪಿನಲ್ಲಿ ತೊಳೆಯಿರಿ. ಉಪ್ಪಿನಕಾಯಿ ತಿಂದ ಕೈಯಲ್ಲಿ ನಳಿಗೆ ಹಿಡಿದರೆ ಬೆರಳಚ್ಚು ಒಂದು ವಾರಕ್ಕೆ ತುಕ್ಕಿನಲ್ಲಿ ಓದಲು ಸಿಗುತ್ತದೆ.

ಹಳೇ ಎಣ್ಣೆಯನ್ನು ವೈಟ್ ಸ್ಪಿರಿಟ್ ಅಥವಾ ಟರ್ಪೆಂಟೈನ್ ತಾಗಿಸಿದ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಎಣ್ಣೆಯ ಮೇಲೆ ಮೇಣ ನಿಲ್ಲುವುದಿಲ್ಲ. ಆಲ್ಕೋಹಾಲ್ ಇರುವ ಸ್ಪಿರಿಟ್ ಮರದ ಹತ್ತಿರ ತರಬೇಡಿ. ಹಳೇ ಬಟ್ಟಿನ ಮೇಲಿರುವುದು ಅರಗಿನ ಪಾಲಿಶ್ ಆದರೆ ಅದು ಕರಗಿ ಬರುತ್ತದೆ. ಒರೆಸಿದ ಮೇಲೆ ಅರ್ಧ ಗಂಟೆ ಬಿಡಿ. ಸ್ಪಿರಿಟ್ ಪೂರ್ತಿ ಹಾರಿದ ಮೇಲೆ ನಳಿಗೆಗೆ ಹೇರ್‌ಡ್ರೈಯರ್‌ನ ಬಿಸಿಗಾಳಿ ಕೊಡಿ. ಕೈಗೆ ಬೆಚ್ಚಗೆ ತಾಕಿದರೆ ಸಾಕು. ಕಣ್ಣಿಗೆ ಕಾಣದ ತೇವ ಹಾರುತ್ತದೆ, ಮೇಣವೂ ಚೆನ್ನಾಗಿ ಹರಡುತ್ತದೆ.

ಹಳೇ ಬನಿಯನ್ ತುಂಡಿನಲ್ಲಿ ತೊಗರಿಬೇಳೆಯಷ್ಟು ಮೇಣ ತೆಗೆದುಕೊಳ್ಳಿ. ಒಂದು ಗೇಣಿನಷ್ಟು ಜಾಗಕ್ಕೆ ಮಾತ್ರ ಹಚ್ಚಿ, ಸುತ್ತು ಸುತ್ತಾಗಿ. ಮಸುಕು ಬಂತಾ? ಒಂದೆರಡು ನಿಮಿಷ ಬಿಟ್ಟು ಬೇರೆ ಬಟ್ಟೆಯಲ್ಲಿ ಉಜ್ಜಿ ಹೊಳಪಿಸಿ. ಆಮೇಲೆ ಪಕ್ಕದ ಗೇಣಿಗೆ ಹೋಗಿ. ಇಡೀ ನಳಿಗೆಗೆ ಒಟ್ಟಿಗೆ ಬಳಿದರೆ ಮೊದಲ ತುದಿ ಗಟ್ಟಿಯಾಗಿ ಉಜ್ಜಲು ಬೆವರು ಬರುತ್ತದೆ. ದಪ್ಪ ಹಚ್ಚಿದರೆ ಕಾವಲು ಜಾಸ್ತಿ ಎಂದುಕೊಳ್ಳಬೇಡಿ. ಹೆಚ್ಚಾಗಿದ್ದೆಲ್ಲ ಬಟ್ಟೆಗೆ ಬರುತ್ತದೆ ಅಷ್ಟೇ. ಒಂದು ರಾತ್ರಿ ಬಿಟ್ಟು ಎರಡನೇ ಪದರ ಹಚ್ಚಿ, ಮೊದಲ ಸಲ ತಪ್ಪಿದ ಜಾಗಗಳು ಆಗ ಮುಚ್ಚಿಕೊಳ್ಳುತ್ತವೆ.

ತುಕ್ಕು ಶುರುವಾಗುವುದು ಕಣ್ಣು ಹೋಗದ ಕಡೆ. ಎರಡು ನಳಿಗೆ ಸೇರುವ ಪಟ್ಟಿಯ ಪಕ್ಕ, ಟ್ರಿಗರ್ ಕಾವಲು ಕಮಾನಿನ ಒಳಮೈ, ಮುಂದಿನ ಹಿಡಿಯ ಕೆಳಗೆ ಅಡಗುವ ನಳಿಗೆ ಭಾಗ, ಪಟ್ಟಾ ಸಿಕ್ಕಿಸುವ ಬಳೆ, ಬಟ್ಟಿನ ಹಿಂದಿನ ತಗಡಿನ ಸ್ಕ್ರೂ. ಇಲ್ಲೆಲ್ಲ ಹತ್ತಿ ಸುತ್ತಿದ ಕಡ್ಡಿಯಲ್ಲಿ ಮೇಣ ಹಚ್ಚಿ. ಮರದ ಮೇಲಿನ ಜಾಲರಿ ಕೆತ್ತನೆಗೆ ಹಳೇ ಹಲ್ಲುಜ್ಜುವ ಬ್ರಷ್ ಬಳಸಿ. ಮೇಣ ಅಲ್ಲಿ ಒಣಗಿದರೆ ಬಿಳಿ ಗೆರೆಗಳಾಗಿ ಎದ್ದು ಕಾಣುತ್ತದೆ, ಕೂಡಲೇ ಒಣ ಬ್ರಷ್‌ನಲ್ಲಿ ತಿಕ್ಕಿ ತೆಗೆಯಿರಿ.

ನಳಿಗೆಯ ಒಳಗೆ ಎಣ್ಣೆ ತಾಗಿಸಿದ ಬಟ್ಟೆ ಒಮ್ಮೆ ಎಳೆಯಿರಿ, ತೆಳುವಾಗಿ. ಮತ್ತೆ ಕೋವಿ ಬಳಸುವ ದಿನ ಒಣಬಟ್ಟೆ ಎಳೆದು, ಬೆಳಕಿಗೆ ಹಿಡಿದು ನೋಡದೆ ತೋಟಾ ಹಾಕಬೇಡಿ.

ಇಡುವುದು ಎಲ್ಲಿ, ಹೇಗೆ

ಚರ್ಮದ ಅಥವಾ ಕ್ಯಾನ್ವಾಸ್ ಕವರ್ ಕೋವಿಯನ್ನು ಒಯ್ಯಲು, ಇಡಲು ಅಲ್ಲ. ಚರ್ಮ ತೇವ ಹೀರುತ್ತದೆ, ಹದ ಮಾಡಿದಾಗಿನ ಉಪ್ಪು, ಆಮ್ಲ ಅದರಲ್ಲೇ ಇರುತ್ತದೆ. ನಾನು ನೋಡಿದ ಅತಿ ಕೆಟ್ಟ ತುಕ್ಕು ದುಬಾರಿ ಚರ್ಮದ ಕವರಿನೊಳಗೇ ಇತ್ತು. ಬೀಗ ಹಾಕುವ ಬೀರುವಿನಲ್ಲಿ, ಗೋಡೆಗೆ ತಾಗದಂತೆ ಇಡಿ. ಸಿಲಿಕಾ ಜೆಲ್ ಪೊಟ್ಟಣ ಇಟ್ಟರೆ ಬಣ್ಣ ಬದಲಾದಾಗ ಮತ್ತೆ ಬಿಸಿ ಮಾಡಿ ಒಣಗಿಸಿಕೊಳ್ಳಿ. ತೇವ ಕುಡಿದು ಕೂತ ಪೊಟ್ಟಣದಿಂದ ಉಪಯೋಗ ಇಲ್ಲ. ಸಾಧ್ಯವಾದರೆ ಬಾಯಿ ಕೆಳಗೆ ಮಾಡಿ, ಕೆಳಗೊಂದು ಬಟ್ಟೆಯ ಮೆತ್ತೆ ಇಟ್ಟು ನಿಲ್ಲಿಸಿ. ಬಟ್ಟು ಕೆಳಗಿದ್ದರೆ ಆಕ್ಷನ್‌ನ ಎಣ್ಣೆ ವರ್ಷಗಟ್ಟಲೆ ಮರಕ್ಕೆ ಇಳಿದು ಮರದ ಕುತ್ತಿಗೆ ಕಪ್ಪಾಗಿ ಮೆತ್ತಗಾಗುತ್ತದೆ.

ಚುನಾವಣೆ ಬಂದಾಗ ಕೋವಿ ಠಾಣೆಗೆ ಠೇವಣಿ ಹೋಗಬೇಕಾಗಬಹುದು, ಹೋದರೆ ಎರಡು ಮೂರು ತಿಂಗಳು ನಿಮ್ಮ ಕಣ್ಣಿಗೆ ಬೀಳದೆ ಇರಬಹುದು. ಹೋಗುವ ಹಿಂದಿನ ದಿನ ಎರಡು ಪದರ ಮೇಣ, ಒಳಗೆ ಎಣ್ಣೆ. ವಾಪಸ್ ತಂದ ದಿನವೇ ಪೂರ್ತಿ ಒರೆಸಿ ನೋಡಿ. ಎಷ್ಟೋ ಕೈ ಮುಟ್ಟಿರುತ್ತದೆ, ಎಲ್ಲರ ಬೆವರೂ ಉಪ್ಪೇ.

ಮಳೆಗಾಲದಲ್ಲಿ ತಿಂಗಳಿಗೊಮ್ಮೆ ತೆಗೆದು ಒಣಬಟ್ಟೆಯಲ್ಲಿ ಒರೆಸಿ, ನಳಿಗೆ ಮೇಲೆ ಒಂದು ಹನಿ ನೀರಿಟ್ಟು ನೋಡಿ. ಹನಿ ಗುಂಡಗೆ ಕೂತರೆ ಮೇಣ ಇದೆ. ಹರಡಿದರೆ ಹನಿ ಒರೆಸಿ, ಒಣಗಿಸಿ, ಆ ಜಾಗಕ್ಕೆ ಮತ್ತೆ ಹಚ್ಚಿ.

ಕೊಡಗಿನಲ್ಲಿ ನಾಟಿ ಮುಗಿದು ಸೆಪ್ಟೆಂಬರ್ ಮೊದಲ ವಾರ ಕೈಲ್‌ಪೊಳ್ದ್ ಎಂಬ ಆಯುಧಗಳ ಹಬ್ಬಕ್ಕೆ ಕೋವಿಗಳು ಹೊರಬರುತ್ತವೆ. ನಳಿಗೆಗೆ ತೋಕ್ ಪೂ ಎಂಬ ಹೂ ಸಿಕ್ಕಿಸಿ ಪೂಜೆ ಮಾಡುತ್ತಾರೆ. ಹೂವಿನ ತೊಟ್ಟಿನಲ್ಲೂ ನೀರಿರುತ್ತದೆ, ಸಂಜೆಯೇ ತೆಗೆದು ಒರೆಸಬೇಕು. ನಮ್ಮ ಆಯುಧಪೂಜೆಗೂ ಅದೇ ಕ್ರಮ. ಹಿಂದಿನ ದಿನ ಮೇಣ, ಪೂಜೆಯ ಸಂಜೆ ಒದ್ದೆ ಬಟ್ಟೆಯಲ್ಲಿ ಗಂಧ, ಕುಂಕುಮ ತೆಗೆದು, ಒಣಬಟ್ಟೆಯಲ್ಲಿ ಒರೆಸಿ, ಮತ್ತೊಮ್ಮೆ ಮೇಣ. ಮೇಣದ ಮೇಲೆ ಗಂಧ ನಿಲ್ಲುವುದಿಲ್ಲ ಎಂದು ಅಮ್ಮ ಎರಡು ವರ್ಷ ಗೊಣಗಿದರು. ಈಗ ಬೊಟ್ಟನ್ನು ಕೋವಿ ಇಡುವ ಮಣೆಗೇ ಇಡುತ್ತಾರೆ.